ಕೊಬ್ಬರಿ ಎಣ್ಣೆ, ಚಕ್ಕುಬಂದಿ, ‘ತಕ್ಕದ್ದು’: ಈ ಬಾರಿಯ ಕಾನೂನು ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯ ತಕರಾರಿನವು. ಕಾಗದದಲ್ಲಿ ಬರೆದ ಒಂದು ಮಾತಿಗೆ ಇಬ್ಬರು ಎರಡು ಅರ್ಥ ಹೇಳುತ್ತಿದ್ದಾರೆ, ಮೇಲಿನ ಕೋರ್ಟು ಯಾರ ಅರ್ಥವನ್ನು ಒಪ್ಪುತ್ತದೆ ಎಂದು ಕೇಳಿದ್ದಾರೆ. ಪತ್ರ ಬರೆದವರ ಹೆಸರು ಬಿಟ್ಟು ಊರಿನ ಹೆಸರನ್ನಷ್ಟೇ ಉಳಿಸಿದ್ದೇವೆ.

ಪ್ರಶ್ನೆ: ಗಾಣದ ಕೊಬ್ಬರಿ ಎಣ್ಣೆಯನ್ನು 100 ಮತ್ತು 200 ಮಿ.ಲೀ. ಬಾಟಲಿಗಳಲ್ಲಿ ಮಾರುತ್ತೇವೆ. ಸಣ್ಣ ಬಾಟಲಿ ಎಂದರೆ ತಲೆಗೆ ಹಚ್ಚುವ ಎಣ್ಣೆ ಎಂದು ಹಿಂದಿನ ವರ್ಷಗಳ ತೆರಿಗೆ ವ್ಯತ್ಯಾಸ ಕಟ್ಟಲು ನೋಟಿಸ್ ಬಂದಿದೆ. ನಿಘಂಟು ತೆಗೆದು ತೋರಿಸಿದರೆ ಸಾಕೇ? — ತಿಪಟೂರು

ಸಾಲದು. ಕೋರ್ಟು ನಿಘಂಟನ್ನು ತೆರೆಯುವುದು ಬೇರೆ ದಾರಿಗಳು ಮುಗಿದ ಮೇಲೆ. ಮೊದಲು ಆ ಕಾಯ್ದೆಯೇ ಪದಕ್ಕೆ ವ್ಯಾಖ್ಯೆ ಕೊಟ್ಟಿದೆಯೇ ಎಂದು ನೋಡುತ್ತದೆ. ತೆರಿಗೆ ಪಟ್ಟಿಯಾದರೆ ಅಧ್ಯಾಯದ ಆರಂಭದಲ್ಲಿರುವ ಟಿಪ್ಪಣಿಗಳನ್ನು ಓದುತ್ತದೆ. ಅಲ್ಲೂ ಇತ್ಯರ್ಥವಾಗದಿದ್ದರೆ ಆ ಸರಕನ್ನು ಮಾರುವವರು, ಕೊಳ್ಳುವವರು ಅದನ್ನು ಏನೆಂದು ಕರೆಯುತ್ತಾರೆ ಎಂದು ಕೇಳುತ್ತದೆ. ನಿಘಂಟಿನಲ್ಲಿ ಒಂದು ಪದಕ್ಕೆ ಹತ್ತು ಅರ್ಥ ಇರುತ್ತದೆ. ಯಾವುದನ್ನು ಆರಿಸಬೇಕು ಎಂಬುದೇ ತಕರಾರು ಆಗಿರುವಾಗ ಅದು ತೀರ್ಪು ಕೊಡಲಾರದು.

ನಿಮ್ಮದೇ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆದಿದೆ. ಅಬಕಾರಿ ಸುಂಕದ ಪಟ್ಟಿಯಲ್ಲಿ ಕೊಬ್ಬರಿ ಎಣ್ಣೆಗೆ 1513, ಕೇಶ ಸಾಧನಗಳಿಗೆ 3305 ಎಂಬ ಶೀರ್ಷಿಕೆ ಇದ್ದವು. 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ಅಭಿಪ್ರಾಯ ಕೊಟ್ಟರು. 2024ರ ಡಿಸೆಂಬರ್ 18ರಂದು ಮೂವರ ಪೀಠ ಮದನ್ ಆಗ್ರೋ ಪ್ರಕರಣದಲ್ಲಿ ಅದನ್ನು ಮುಗಿಸಿತು: ಬಾಟಲಿ ಸಣ್ಣದು ಎಂಬ ಒಂದೇ ಕಾರಣಕ್ಕೆ ಖಾದ್ಯ ಎಣ್ಣೆ ಕೇಶತೈಲ ಆಗುವುದಿಲ್ಲ, 33ನೇ ಅಧ್ಯಾಯದ ಟಿಪ್ಪಣಿ ಕೇಳುವ ಷರತ್ತುಗಳೆಲ್ಲ ಪ್ಯಾಕಿಂಗಿನಲ್ಲಿ ಕಾಣಿಸಿದರೆ ಮಾತ್ರ ಆಗುತ್ತದೆ. ಅರ್ಧ ಪಾವು ಎಣ್ಣೆ ತಂದು ಒಗ್ಗರಣೆ ಹಾಕುವ ಮನೆಗಳು ಕರಾವಳಿಯಲ್ಲಿ ಎಷ್ಟಿವೆ ಎಂದು ನಮ್ಮ ಓದುಗರಿಗೆ ಹೇಳಬೇಕಿಲ್ಲ.

ಆದ್ದರಿಂದ ನೋಟಿಸಿನ ಅವಧಿಗೆ ಸೇರಿದ ಲೇಬಲ್ಲುಗಳನ್ನು ವರ್ಷವಾರು ಜೋಡಿಸಿ. ಆಹಾರ ಸುರಕ್ಷತಾ ಪರವಾನಗಿ, 1513 ಎಂದು ನಮೂದಿಸಿದ ಬಿಲ್ಲುಗಳು, ದಿನಸಿ ಅಂಗಡಿ ಮತ್ತು ಹೋಟೆಲುಗಳಿಗೆ ಮಾರಿದ ಲೆಕ್ಕ ಇಡಿ. ಇಂಥ ಪ್ರಕರಣ ಕೆಡುವುದು ಸಾಮಾನ್ಯವಾಗಿ ಲೇಬಲ್ಲಿನಲ್ಲಿ: ಒಂದು ಬದಿಗೆ ‘ಖಾದ್ಯ’ ಎಂದು ಮುದ್ರಿಸಿ, ಇನ್ನೊಂದು ಬದಿಗೆ ಉದ್ದ ಜಡೆಯ ಚಿತ್ರ ಮತ್ತು ‘ಕೂದಲ ಆರೈಕೆಗೆ’ ಎಂಬ ಸಾಲು ಹಾಕಿರುತ್ತಾರೆ. ಆ ಒಂದು ಸಾಲು ಎದುರಿನವರಿಗೆ ಸಾಕಷ್ಟು ಬಲ ಕೊಡುತ್ತದೆ. ಜಿಎಸ್‌ಟಿಯಲ್ಲಿ 2025ರ ಸೆಪ್ಟೆಂಬರ್ 22ರಿಂದ ಕೇಶತೈಲಕ್ಕೂ ಶೇ 5 ಆಗಿರುವುದರಿಂದ ಮುಂದಿನ ಮಾರಾಟಕ್ಕೆ ಈ ತಕರಾರು ಇಲ್ಲ. ಅದಕ್ಕೆ ಹಿಂದಿನ ಶೇ 5 ಮತ್ತು ಶೇ 18ರ ನಡುವಿನ ಜಗಳ ಮಾತ್ರ ಉಳಿದಿದೆ.

ಬಳಕೆಯ ಅರ್ಥವೇ ಗೆದ್ದ ಹಳೆಯ ತೀರ್ಪುಗಳು ಓದಲು ರುಚಿಯಾಗಿವೆ. ವೀಳ್ಯದೆಲೆ ತರಕಾರಿಯೇ? ಗಿಡದಿಂದ ಬಂದದ್ದೆಲ್ಲ ತರಕಾರಿ ಎಂಬ ಸಸ್ಯಶಾಸ್ತ್ರದ ವಾದವನ್ನು 1961ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ತರಕಾರಿ ಎಂದರೆ ಹಿತ್ತಲಲ್ಲಿ ಬೆಳೆದು ಊಟಕ್ಕೆ ಬಳಸುವಂಥದ್ದು ಎಂದಿತು. ಅಲ್ಲದೆ ಆ ಮಾರಾಟ ತೆರಿಗೆ ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿ ವೀಳ್ಯದೆಲೆ ಬೇರೆಯೇ ಸಾಲಾಗಿ ಇತ್ತು, ನಂತರ ಶಾಸಕಾಂಗ ಆ ಸಾಲನ್ನು ತೆಗೆದಿತ್ತು. ತೆಗೆದದ್ದನ್ನು ತರಕಾರಿ ಎಂಬ ಹೆಸರಿನ ಹಿಂಬಾಗಿಲಿನಿಂದ ಮತ್ತೆ ಒಳಗೆ ಬಿಡಲು ಕೋರ್ಟು ಒಪ್ಪಲಿಲ್ಲ. 1962ರಲ್ಲಿ ಕಬ್ಬು ‘ಹಸಿರು ತರಕಾರಿ’ ಅಲ್ಲ ಎಂದಾಯಿತು, 1977ರಲ್ಲಿ ಹಸಿ ಶುಂಠಿ ತರಕಾರಿಯೇ ಎಂದಾಯಿತು. 1967ರಲ್ಲಿ ಸೌದೆ ಇದ್ದಿಲು ‘ಕೋಲ್’ (ಕಲ್ಲಿದ್ದಲು) ಎಂಬ ನಮೂದಿಗೆ ಸೇರುತ್ತದೆ ಎಂದರು, ಏಕೆಂದರೆ ಉರುವಲು ಕೊಳ್ಳುವವನಿಗೂ ಮಾರುವವನಿಗೂ ಅದು ಅದೇ. ಗಣಿಗೆ ಸಂಬಂಧಿಸಿದ ಕಾನೂನಿನಲ್ಲಿ ಅದೇ ಪದ ಬಂದರೆ ಅರ್ಥ ನೆಲದಿಂದ ತೆಗೆದ ಖನಿಜಕ್ಕೆ ಸೀಮಿತ. ಪದ ಒಂದೇ ಆದರೂ ಯಾರಿಗಾಗಿ ಬರೆದ ಕಾನೂನು ಎಂಬುದರ ಮೇಲೆ ಅರ್ಥ ಬದಲಾಯಿತು. (ಇದ್ದಲು, ಕಲ್ಲಿದ್ದಲು ಎಂದು ನಮ್ಮ ಭಾಷೆ ಇವನ್ನು ಮೊದಲೇ ಒಂದೇ ಮನೆತನಕ್ಕೆ ಸೇರಿಸಿಟ್ಟಿದೆ.)

ಇನ್ನೊಂದು ಎಚ್ಚರ. ತೆರಿಗೆ ಹೇರುವ ಸಾಲಿನಲ್ಲಿ ಸಂಶಯ ಉಳಿದರೆ ಲಾಭ ತೆರಿಗೆದಾರನಿಗೆ. ವಿನಾಯಿತಿ ಕೊಡುವ ಅಧಿಸೂಚನೆಯಲ್ಲಿ ಸಂಶಯ ಉಳಿದರೆ ಲಾಭ ಸರ್ಕಾರಕ್ಕೆ. 2018ರಲ್ಲಿ ದಿಲೀಪ್ ಕುಮಾರ್ ಪ್ರಕರಣದಲ್ಲಿ ಐವರ ಪೀಠ ಹೇಳಿದ್ದು ಇದನ್ನೇ. ನಿಮ್ಮದು ದರದ ಸಾಲಿನ ತಕರಾರೋ, ವಿನಾಯಿತಿಯ ತಕರಾರೋ ಎಂಬುದನ್ನು ಉತ್ತರದ ಮೊದಲ ಪುಟದಲ್ಲೇ ಬರೆಸಿ.

ಕಾರ್ಮಿಕ ಕಾನೂನಿನಂಥ ಕಡೆ ತಕ್ಕಡಿ ಬೇರೆ. ಬೆಂಗಳೂರು ನೀರು ಸರಬರಾಜು ಮಂಡಳಿ ತನ್ನ ನೌಕರರಿಗೆ ದಂಡ ಹಾಕಿದ್ದರಿಂದ ಶುರುವಾದ ವ್ಯಾಜ್ಯದಲ್ಲಿ ‘ನಾವು ಕೈಗಾರಿಕೆಯೇ ಅಲ್ಲ’ ಎಂದು ಮಂಡಳಿ ವಾದಿಸಿತು. 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಆ ಪದವನ್ನು ಕಾಯ್ದೆಯ ಉದ್ದೇಶದಿಂದ ಅಳೆಯಿತು: ವ್ಯವಸ್ಥಿತ ಚಟುವಟಿಕೆ, ಮಾಲೀಕ ಮತ್ತು ನೌಕರರ ಸಹಕಾರ, ಜನರ ಬೇಕುಗಳಿಗೆ ಸರಕು ಅಥವಾ ಸೇವೆ. ಈ ಮೂರೂ ಇದ್ದರೆ ಲಾಭದ ಗುರಿ ಇಲ್ಲದಿದ್ದರೂ ಅದು ಕೈಗಾರಿಕೆ ಎಂದಿತು. ಹೊಗೆ ಕೊಳವೆ ಇಲ್ಲದ ಕೈಗಾರಿಕೆಯನ್ನು ಪೇಟೆಯ ಮಾತಿನಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಆದರೂ ಅಲ್ಲಿ ಬಳಕೆಯ ಅರ್ಥ ಸೋತಿತು.

ಪ್ರಶ್ನೆ: ನಮ್ಮ ಕ್ರಯಪತ್ರದಲ್ಲಿ 1 ಎಕರೆ 20 ಗುಂಟೆ ಎಂದಿದೆ. ಪತ್ರದಲ್ಲೇ ಬರೆದ ಚಕ್ಕುಬಂದಿಯ (ನಾಲ್ಕೂ ದಿಕ್ಕಿನ ಗಡಿಯ) ಒಳಗೆ ಅಳೆದರೆ 1 ಎಕರೆ 28 ಗುಂಟೆ ಬರುತ್ತದೆ. ಮಾರಿದವರ ಮಕ್ಕಳು ಈಗ 8 ಗುಂಟೆ ಬಿಡಿ ಎನ್ನುತ್ತಿದ್ದಾರೆ. ಯಾವುದು ಗೆಲ್ಲುತ್ತದೆ? — ಅರಸೀಕೆರೆ

ಸಾಮಾನ್ಯ ನಿಯಮದಂತೆ ಚಕ್ಕುಬಂದಿ. ಕೊಂಡವನು ನೆಲದ ಮೇಲೆ ನಿಂತು ನೋಡಿದ್ದು ಬದುವನ್ನು, ಬಾವಿಯನ್ನು, ಪಕ್ಕದವರ ಜಮೀನನ್ನು; ಅಂಕಿ ಬರೆದದ್ದು ಪತ್ರ ಬರಹಗಾರರು. ಅಂಕಿ ತಪ್ಪುವ ಸಾಧ್ಯತೆ ಹೆಚ್ಚು. 1961ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಪ್ರಕರಣವೊಂದರಲ್ಲಿ ಪ್ಲಾಟ್ ಸಂಖ್ಯೆ 1060 ಎಂದಿರಬೇಕಾದದ್ದು 160 ಎಂದು ಬಿದ್ದಿತ್ತು. ಖಾತೆ ಸಂಖ್ಯೆ, ವಿಸ್ತೀರ್ಣ, ಗಡಿ ಎಲ್ಲ ಸರಿಯಾಗಿ ಹೊಂದುತ್ತಿದ್ದುದರಿಂದ ಅದು ಬರೀ ಬರವಣಿಗೆಯ ತಪ್ಪು ಎಂದು ಕೋರ್ಟು ಹೇಳಿ ಗಡಿಯನ್ನೇ ಎತ್ತಿಹಿಡಿಯಿತು.

ಆದರೆ ನಿಯಮ ಕೇಳಿ ಸಮಾಧಾನ ಪಡಬೇಡಿ. ನಿಮ್ಮ ಪ್ರಕರಣದಲ್ಲಿ ಅದು ಮುರಿಯುವ ಜಾಗಗಳು ಮೂರಿವೆ. ಚಕ್ಕುಬಂದಿಯೇ ಸಡಿಲವಾಗಿದ್ದರೆ, ಅಂದರೆ ‘ಪೂರ್ವಕ್ಕೆ ನಮ್ಮ ಉಳಿಕೆ ಜಮೀನು’ ಎಂದಷ್ಟೇ ಬರೆದಿದ್ದರೆ, ಆ ಗೆರೆ ಎಲ್ಲಿ ಬೀಳುತ್ತದೆ ಎಂದು ಹೇಳಲು ವಿಸ್ತೀರ್ಣವಲ್ಲದೆ ಬೇರೆ ದಾರಿ ಇರುವುದಿಲ್ಲ. ಗುಂಟೆಗೆ ಇಷ್ಟು ಎಂದು ದರ ಕಟ್ಟಿ ಒಟ್ಟು ಬೆಲೆ ಹಾಕಿದ್ದರೆ ಉದ್ದೇಶ ಅಳತೆಯ ಮೇಲಿತ್ತು ಎಂಬ ವಾದಕ್ಕೆ ಬಲ ಬರುತ್ತದೆ. ಮೂರನೆಯದು ನಮ್ಮ ಕಡೆ ಹೆಚ್ಚಾಗಿ ಮರೆಯುವಂಥದ್ದು: ಹೆಚ್ಚಿಗೆ ಕಂಡ 8 ಗುಂಟೆ ಬಿ-ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ ಆಗಿರಬಹುದು. ಬಂಡಿದಾರಿ, ಹಳ್ಳ, ಸ್ಮಶಾನ ಇವು ಮಾರಿದವನದೇ ಅಲ್ಲ. ಅವನಿಗಿಲ್ಲದ ಹಕ್ಕು ಯಾವ ಚಕ್ಕುಬಂದಿಯಿಂದಲೂ ನಿಮಗೆ ಬಾರದು.

ಈಗ ಮಾಡಬೇಕಾದದ್ದು. ಸರ್ವೆ ಇಲಾಖೆಯಿಂದ ಟಿಪ್ಪಣಿ (ಅಳತೆಯ ಮೂಲ ದಾಖಲೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಹಿಸ್ಸಾ (ಪಾಲಿನ) ನಕ್ಷೆಗಳ ದೃಢೀಕೃತ ಪ್ರತಿ ತೆಗೆಯಿರಿ. ಬರೀ ಪಹಣಿ ಹಿಡಿದು ಹೋಗಬೇಡಿ. ಅದರಲ್ಲಿರುವುದು ಅಂಕಿ ಮಾತ್ರ. ನಾಲ್ಕೂ ದಿಕ್ಕಿನ ಪಕ್ಕದವರ ಪತ್ರಗಳನ್ನು ಸಂಪಾದಿಸಿ, ಅವುಗಳಲ್ಲಿ ನಿಮ್ಮ ಜಮೀನನ್ನು ಗಡಿಯಾಗಿ ಹೇಗೆ ಬರೆದಿದ್ದಾರೆ ನೋಡಿ. ಅವರ ಪಶ್ಚಿಮವೇ ನಿಮ್ಮ ಪೂರ್ವ ಆಗಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ದಾವೆ ನಡೆಯುತ್ತಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಡಿ ಸ್ಥಳ ಪರಿಶೀಲಿಸುವ ಕಮಿಷನರ್ ನೇಮಕಕ್ಕೆ ವಿಚಾರಣಾ ಕೋರ್ಟಿನಲ್ಲೇ ಅರ್ಜಿ ಹಾಕಿ. ‘ಮೇಲಿನ ಕೋರ್ಟಿನಲ್ಲಿ ನೋಡಿಕೊಳ್ಳೋಣ’ ಎಂದು ಬಿಡುವವರು ಅಲ್ಲಿ 41ನೇ ಆದೇಶದ 27ನೇ ನಿಯಮದ ಬಾಗಿಲಲ್ಲಿ ನಿಲ್ಲುತ್ತಾರೆ. ಕೆಳಗಿನ ಕೋರ್ಟು ತಪ್ಪಾಗಿ ನಿರಾಕರಿಸಿದ್ದರೆ, ಎಷ್ಟು ಶ್ರಮಪಟ್ಟರೂ ಆಗ ಸಿಗದೆ ಇದ್ದರೆ, ಅಥವಾ ತೀರ್ಪಿಗೆ ಮೇಲ್ಮನವಿ ಕೋರ್ಟಿಗೇ ಬೇಕೆನಿಸಿದರೆ ಮಾತ್ರ ಹೊಸ ಸಾಕ್ಷ್ಯ ಒಳಗೆ ಬರುತ್ತದೆ.

ಪತ್ರದಲ್ಲಿ ಬರೆದದ್ದಕ್ಕೆ ವಿರುದ್ಧವಾಗಿ ಬಾಯಿಮಾತಿನ ಸಾಕ್ಷ್ಯ ನಡೆಯುವುದಿಲ್ಲ ಎಂದು ಎದುರಿನ ವಕೀಲರು ಹೇಳುವುದು ಖಂಡಿತ. ಅದು ಅರ್ಧ ನಿಜ. 1872ರ ಸಾಕ್ಷ್ಯ ಕಾಯ್ದೆಯ 91ರಿಂದ 98, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 94ರಿಂದ 101ನೇ ಪ್ರಕರಣಗಳು ಎರಡು ಬಗೆಯ ಗೊಂದಲವನ್ನು ಬೇರೆ ಮಾಡುತ್ತವೆ. ಓದಿದ ಕೂಡಲೇ ಕಾಣುವ ದೋಷವನ್ನು ಹೊರಗಿನ ಸಾಕ್ಷ್ಯದಿಂದ ತುಂಬುವಂತಿಲ್ಲ. ಹಳೆಯ ಕಾಯ್ದೆಯ ಉದಾಹರಣೆಯಲ್ಲಿ ಒಬ್ಬ ಕುದುರೆಯನ್ನು ‘1,000 ಅಥವಾ 1,500 ರೂಪಾಯಿಗೆ’ ಮಾರುತ್ತೇನೆ ಎಂದು ಬರೆದುಕೊಟ್ಟಿದ್ದಾನೆ, ಯಾವ ಬೆಲೆ ಎಂದು ಸಾಕ್ಷಿ ಹೇಳಿಸುವಂತಿಲ್ಲ. ಓದಲು ಸರಿಯಾಗಿದ್ದು ನೆಲಕ್ಕೆ ಇಳಿಸಿದಾಗ ಹೊಂದದ ಮಾತಿಗೆ ಸಾಕ್ಷ್ಯ ಕೊಡಬಹುದು. ‘ಕಲ್ಕತ್ತದ ನನ್ನ ಮನೆ’ ಎಂದು ಬರೆದವನಿಗೆ ಅಲ್ಲಿ ಮನೆಯೇ ಇಲ್ಲ, ಹೌರಾದಲ್ಲಿ ಇದೆ, ಕೊಂಡವನು ಪತ್ರವಾದಂದಿನಿಂದ ಅದರಲ್ಲೇ ಇದ್ದಾನೆ ಎಂದು ತೋರಿಸಬಹುದು. ನಿಮ್ಮದು ಎರಡನೆಯ ಬಗೆ. ಮಾರಿದವರೇ ಬದುಕಿದ್ದರೆ ತಿದ್ದುಪಡಿ ಪತ್ರ ಮಾಡಿಸಿ ನೋಂದಾಯಿಸುವುದು ಸುಲಭದ ದಾರಿ. ಮಕ್ಕಳು ಒಪ್ಪದಿದ್ದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಪ್ರಕರಣದಡಿ ಪರಸ್ಪರ ತಪ್ಪು ಗ್ರಹಿಕೆ ಎಂದು ತಿದ್ದುಪಡಿ ಕೇಳಬಹುದು.

ಪ್ರಶ್ನೆ: ತಾತ 1998ರಲ್ಲಿ ‘ಷರತ್ತಿನ ಕ್ರಯ’ ಎಂದು ಜಮೀನು ಬರೆದುಕೊಟ್ಟರು. ಐದು ವರ್ಷದೊಳಗೆ ಹಣ ಕೊಟ್ಟರೆ ವಾಪಸು ಬರೆದುಕೊಡುವುದಾಗಿ ಅದೇ ಪತ್ರದಲ್ಲಿದೆ. ಕ್ರಯ ಎಂಬ ಹೆಸರಿದೆ ಎಂದು ಎರಡೂ ಕೋರ್ಟುಗಳು ನಮ್ಮ ದಾವೆ ವಜಾ ಮಾಡಿವೆ. ಹೈಕೋರ್ಟು ಕೇಳುತ್ತದೆಯೇ? — ಶಿಕಾರಿಪುರ

ಕೇಳುವ ಸಾಧ್ಯತೆ ಇದೆ. ಎರಡನೇ ಮೇಲ್ಮನವಿಯಲ್ಲಿ ಹೈಕೋರ್ಟು ಸಾಕ್ಷಿಗಳನ್ನು ಮತ್ತೆ ತೂಗುವುದಿಲ್ಲ, ಕಾನೂನಿನ ಗಣನೀಯ ಪ್ರಶ್ನೆ ಇದ್ದರೆ ಮಾತ್ರ ಕೈಹಾಕುತ್ತದೆ. ಆದರೆ ಪಕ್ಷಗಾರರ ಹಕ್ಕಿಗೆ ಬುನಾದಿಯಾದ ಪತ್ರವನ್ನು ಅರ್ಥೈಸುವುದು ಕಾನೂನಿನ ಪ್ರಶ್ನೆಯೇ ಎಂದು ಸುಪ್ರೀಂ ಕೋರ್ಟು 1962ರಲ್ಲೇ ಚುನಿಲಾಲ್ ಮೆಹ್ತಾ ಪ್ರಕರಣದಲ್ಲಿ ಹೇಳಿದೆ. ಅದು ‘ಗಣನೀಯ’ ಹೌದೇ ಎಂಬುದು ನೀವು ತೋರಿಸಬೇಕಾದ ಮುಂದಿನ ಮೆಟ್ಟಿಲು.

ಪತ್ರದ ತಲೆಬರಹ ನಿರ್ಣಾಯಕ ಅಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 58(ಸಿ) ಪ್ರಕಾರ ವಾಪಸು ಕೊಡುವ ಷರತ್ತು ಕ್ರಯಪತ್ರದ ಒಳಗೇ ಇದ್ದರೆ ಅದು ಅಡಮಾನ ಆಗಿರಬಹುದು. ಬೇರೆ ಕಾಗದದಲ್ಲಿದ್ದರೆ ಆಗದು. ನೀವು ಆ ಗಡಿ ದಾಟಿದ್ದೀರಿ. ಆದರೆ ಒಳಗಿದ್ದ ಮಾತ್ರಕ್ಕೆ ಅಡಮಾನ ಆಗಿಯೇ ಬಿಡುವುದೂ ಇಲ್ಲ. ಅಂದಿನ ಪೇಟೆ ಬೆಲೆಗೂ ಪತ್ರದ ಮೊತ್ತಕ್ಕೂ ಇರುವ ಅಂತರ, ಆಮೇಲೆ ಜಮೀನು ಯಾರ ಕೈಯಲ್ಲಿತ್ತು, ಕಂದಾಯ ಯಾರು ಕಟ್ಟಿದರು, ಬಡ್ಡಿಯ ಮಾತಿದೆಯೇ, ಖಾತೆ ಬದಲಾಯಿತೇ ಇವನ್ನೆಲ್ಲ ಸೇರಿಸಿ ಓದುತ್ತಾರೆ. ಇವು ಕೆಳಗಿನ ಕಡತದಲ್ಲಿ ಇವೆಯೇ ಎಂದು ಮೊದಲು ನೋಡಿ. ಅಡಮಾನ ಬಿಡಿಸುವ ದಾವೆಗೆ 30 ವರ್ಷದ ಕಾಲಮಿತಿ ಇರುವುದರಿಂದ ಐದು ವರ್ಷ ಮುಗಿಯಿತು ಎಂಬ ವಾದ ಅಡಮಾನ ಎಂದಾದರೆ ನಿಲ್ಲುವುದಿಲ್ಲ.

ಮೇಲ್ಮನವಿಗೆ 90 ದಿನ. ದೃಢೀಕೃತ ಪ್ರತಿ ಪಡೆಯಲು ಹಿಡಿದ ದಿನಗಳನ್ನು ಅದರಿಂದ ಕಳೆಯುತ್ತಾರೆ. ‘ಕೆಳಗಿನ ಕೋರ್ಟುಗಳು ತಪ್ಪು ಮಾಡಿವೆ’ ಎಂಬ ಸಾಲು ಪ್ರಶ್ನೆಯಲ್ಲ. ‘ಇಂಥ ದಿನಾಂಕದ ಪತ್ರದ ಇಂಥ ಷರತ್ತನ್ನು 58(ಸಿ)ಯ ಬೆಳಕಿನಲ್ಲಿ ಓದದೆ ಶೀರ್ಷಿಕೆಯ ಮೇಲೆ ಮಾತ್ರ ತೀರ್ಮಾನಿಸಿದ್ದು ಸರಿಯೇ’ ಎಂದು ಬರೆಯಬೇಕು. ಕಾನೂನಿನ ಪ್ರಶ್ನೆಯನ್ನು ನಿಖರವಾಗಿ ಹೇಳುವುದು ನಿಮ್ಮ ಹೊಣೆ, ರೂಪಿಸುವುದು ಹೈಕೋರ್ಟಿನ ಹೊಣೆ.

ಇನ್ನೊಂದು ಮಾತು, ಅನುವಾದದ್ದು. ಹೈಕೋರ್ಟಿನ ಭಾಷೆ ಇಂಗ್ಲಿಷ್. ಕನ್ನಡ ಪತ್ರದ ‘ಭೋಗ್ಯ’ವನ್ನು ಅನುವಾದಕರು ‘ಲೀಸ್’ ಎಂದು ಬರೆದುಬಿಟ್ಟರೆ ಸ್ವಾಧೀನ ಅಡಮಾನ ಹೋಗಿ ಬಾಡಿಗೆ ಕರಾರು ಆಗಿಬಿಡುತ್ತದೆ. ಅನುವಾದವನ್ನು ಮೂಲದ ಪಕ್ಕ ಇಟ್ಟು ಸಾಲು ಸಾಲಾಗಿ ನೀವೇ ಓದಿ. ಸಂದೇಹದ ಪದವನ್ನು ಕನ್ನಡದಲ್ಲೇ ಉಳಿಸಿ ಎಂದು ವಕೀಲರಿಗೆ ಹೇಳಿ.

ಪ್ರಶ್ನೆ: ಅಂಗಡಿಯಲ್ಲಿ ಕಳವಾಯಿತು. ಬೀಗ ಒಡೆದಿಲ್ಲ, ನಕಲಿ ಕೀ ಬಳಸಿರಬೇಕು. ‘ಬರ್ಗ್ಲರಿ’ (ಕನ್ನಗಳವು) ಅಲ್ಲ ಎಂದು ವಿಮೆ ಕಂಪನಿ ಹಣ ನಿರಾಕರಿಸಿದೆ. ಸಂಶಯದ ಲಾಭ ಗ್ರಾಹಕನಿಗೆ ಅಲ್ಲವೇ? — ಹುಬ್ಬಳ್ಳಿ

ಸಂಶಯ ಇದ್ದರೆ ಹೌದು. ಪಾಲಿಸಿ ಬರೆದದ್ದು ಕಂಪನಿ, ಆದ್ದರಿಂದ ಎರಡು ಅರ್ಥ ಬರುವ ಮಾತನ್ನು ಅದರ ವಿರುದ್ಧ ಓದುತ್ತಾರೆ. 2004ರ ಎರಡು ತೀರ್ಪುಗಳನ್ನು ಜೊತೆಗಿಟ್ಟು ನೋಡಿ. ಪುಷ್ಪಾಲಯ ಪ್ರಿಂಟರ್ಸ್ ಪ್ರಕರಣದಲ್ಲಿ ಬುಲ್ಡೋಜರಿನ ಅದುರಿಕೆಗೆ ಕಟ್ಟಡ ಮತ್ತು ಯಂತ್ರ ಕೆಟ್ಟವು. ವಾಹನದ ‘ಇಂಪ್ಯಾಕ್ಟ್’ ಎಂದರೆ ಡಿಕ್ಕಿಯೇ ಆಗಬೇಕೆಂದು ಪಾಲಿಸಿ ಹೇಳಿರಲಿಲ್ಲ, ವಿಮೆ ಮಾಡಿಸಿದವರು ಗೆದ್ದರು. ಹರ್‌ಚಂದ್ ರಾಯ್ ಪ್ರಕರಣದಲ್ಲಿ ಬಲಪ್ರಯೋಗದಿಂದ ಒಳನುಗ್ಗಿದ ಕಳವು ಎಂದು ಪಾಲಿಸಿಯೇ ವ್ಯಾಖ್ಯಾನಿಸಿತ್ತು, ವಿಮೆ ಮಾಡಿಸಿದವರು ಸೋತರು. ವ್ಯಾಖ್ಯೆ ಸ್ಪಷ್ಟ ಇದ್ದಲ್ಲಿ ಕರುಣೆಗೆ ಜಾಗವಿಲ್ಲ.

ನಿಮಗೆ ಕೊಟ್ಟಿರುವುದು ಎರಡು ಪುಟದ ಸಾರಾಂಶ ಆಗಿದ್ದರೆ ಪೂರ್ತಿ ಷರತ್ತುಗಳ ಪ್ರತಿಯನ್ನು ಲಿಖಿತವಾಗಿ ಕೇಳಿ. ವ್ಯಾಖ್ಯೆಯ ಪುಟದಲ್ಲಿ ಬಲಪ್ರಯೋಗದ ಮಾತು ಇಲ್ಲದಿದ್ದರೆ ನಿಮಗೆ ಒಳ್ಳೆಯ ಪ್ರಕರಣವಿದೆ. ಇದ್ದರೆ, ಶಟರಿನ ಕೊಂಡಿ, ಕಿಟಕಿ ಸರಳು, ಹಂಚು ಎಲ್ಲಾದರೂ ಮೀಟಿದ ಗುರುತು ಪೊಲೀಸ್ ಮಹಜರಿನಲ್ಲೋ ಸರ್ವೇಯರ್ ವರದಿಯಲ್ಲೋ ದಾಖಲಾಗಿದೆಯೇ ನೋಡಿ. ಅಂಥದ್ದೇನೂ ಇರದಿದ್ದರೆ ಖರ್ಚು ಮಾಡಿ ಮೇಲಕ್ಕೆ ಹೋಗಬೇಡಿ ಎಂದೇ ನಮ್ಮ ಸಲಹೆ. ಜಿಲ್ಲಾ ಗ್ರಾಹಕ ಆಯೋಗದಿಂದ ರಾಜ್ಯ ಆಯೋಗಕ್ಕೆ 45 ದಿನದೊಳಗೆ ಹೋಗಬೇಕು. ನೀವು ಗೆದ್ದು ಕಂಪನಿ ಮೇಲ್ಮನವಿ ಹಾಕಿದರೆ ಆದೇಶದ ಮೊತ್ತದ ಅರ್ಧ ಠೇವಣಿ ಇಟ್ಟೇ ಅದು ಮುಂದೆ ಹೋಗಬೇಕು.

ಪ್ರಶ್ನೆ: ಕನ್ನಡದ ಕಾಯ್ದೆಗಳಲ್ಲಿ ‘ತಕ್ಕದ್ದು’ ಎಂದರೆ ಕಡ್ಡಾಯ, ‘ಬಹುದು’ ಎಂದರೆ ಐಚ್ಛಿಕ ಎಂದು ಪಾಠ ಮಾಡುತ್ತಾರೆ. ಇಂಗ್ಲಿಷ್ ಪಠ್ಯ ಬೇರೆ ಹೇಳಿದರೆ? — ಕಾನೂನು ವಿದ್ಯಾರ್ಥಿನಿ, ಧಾರವಾಡ

ಪರೀಕ್ಷೆಗೆ ಸಾಕು, ಕೋರ್ಟಿಗೆ ಸಾಲದು. ಸಿವಿಲ್ ಸಂಹಿತೆಯ 8ನೇ ಆದೇಶದ 1ನೇ ನಿಯಮ ಪ್ರತಿವಾದಿ 30 ದಿನದಲ್ಲಿ, ಹೆಚ್ಚೆಂದರೆ 90 ದಿನದಲ್ಲಿ ಲಿಖಿತ ಹೇಳಿಕೆ ‘ಸಲ್ಲಿಸತಕ್ಕದ್ದು’ ಎನ್ನುತ್ತದೆ. 2005ರ ಕೈಲಾಶ್ ಪ್ರಕರಣದಲ್ಲಿ ಇದು ಕಾರ್ಯವಿಧಾನದ ಸೂಚನೆ, ತಕ್ಕ ಕಾರಣ ಇದ್ದರೆ ಸಡಿಲಿಸಬಹುದು ಎಂದರು, ಏಕೆಂದರೆ ತಪ್ಪಿದರೆ ಏನಾಗುತ್ತದೆ ಎಂದು ನಿಯಮ ಹೇಳಿರಲಿಲ್ಲ. ವಾಣಿಜ್ಯ ದಾವೆಗಳಿಗೆ ಮಾಡಿದ ತಿದ್ದುಪಡಿಯಲ್ಲಿ 120 ದಿನದ ನಂತರ ಹಕ್ಕೇ ಹೋಗುತ್ತದೆ ಎಂದು ಬರೆದಿದೆ. ಆದ್ದರಿಂದ 2019ರಲ್ಲಿ ಅದೇ ‘ತಕ್ಕದ್ದು’ ಕಟ್ಟುನಿಟ್ಟಾಯಿತು. ಕ್ರಿಯಾಪದವನ್ನು ಮಾತ್ರ ನೋಡಬೇಡಿ, ತಪ್ಪಿದರೆ ಏನು ಎಂಬ ಮುಂದಿನ ಸಾಲನ್ನು ಹುಡುಕಿ.

ಭಾಷೆಯ ಪ್ರಶ್ನೆಗೆ ಸಂವಿಧಾನದ 348(3)ನೇ ವಿಧಿ: ರಾಜ್ಯದ ಕಾಯ್ದೆ ಕನ್ನಡದಲ್ಲಿ ಆಗಿದ್ದರೂ ರಾಜ್ಯಪಾಲರ ಅಧಿಕಾರದಡಿ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವನ್ನು ಅಧಿಕೃತ ಇಂಗ್ಲಿಷ್ ಪಠ್ಯ ಎಂದು ಭಾವಿಸಬೇಕು. ಕನ್ನಡದಲ್ಲಿ ಚರ್ಚಿಸಿ ಅಂಗೀಕರಿಸಿದ ಕಾಯ್ದೆಯ ಅರ್ಥವನ್ನು ಹೈಕೋರ್ಟು ಇಂಗ್ಲಿಷಿನಲ್ಲಿ ಹುಡುಕುವುದು ವಿಚಿತ್ರವೇ ಸರಿ, ಆದರೆ ಸದ್ಯದ ಕಾನೂನು ಹಾಗಿದೆ. ಎರಡೂ ಪಠ್ಯ ತರಿಸಿಕೊಂಡೇ ಟಿಪ್ಪಣಿ ಬರೆಯಿರಿ.

ಪ್ರಶ್ನೆ: ಕರಾರಿನಲ್ಲಿ ‘ಮೂರು ತಿಂಗಳು’ ಎಂದಿದೆ. 90 ದಿನ ಎಂದು ಎಣಿಸಬಹುದೇ? — ದಾವಣಗೆರೆ

ಬೇಡ. 1897ರ ಸಾಮಾನ್ಯ ಖಂಡಗಳ ಕಾಯ್ದೆಯಂತೆ ಶಾಸನದಲ್ಲಿ ತಿಂಗಳೆಂದರೆ ಕ್ಯಾಲೆಂಡರ್ ತಿಂಗಳು. ಕರಾರುಗಳನ್ನೂ ಸಾಮಾನ್ಯವಾಗಿ ಹಾಗೆಯೇ ಓದುತ್ತಾರೆ. 2010ರಲ್ಲಿ ಹಿಮಾಚಲ್ ಟೆಕ್ನೋ ಎಂಜಿನಿಯರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳು ಬೇರೆ, 90 ದಿನ ಬೇರೆ ಎಂದು ಸ್ಪಷ್ಟಪಡಿಸಿತು. ನವೆಂಬರ್ 12ರಿಂದ ಎಣಿಸಿದರೆ ಫೆಬ್ರುವರಿ 12ಕ್ಕೆ ಮುಗಿಯುತ್ತದೆ. ಅದು 92 ದಿನ. ಮೊದಲ ದಿನ ಲೆಕ್ಕಕ್ಕಿಲ್ಲ. ಜನವರಿ 31ರಿಂದ ಒಂದು ತಿಂಗಳೆಂದರೆ ಫೆಬ್ರುವರಿಯ ಕೊನೆಯ ದಿನ. ಚೈತ್ರ, ವೈಶಾಖ ಎಂದು ಬರೆದ ಹಳೆಯ ಪ್ರಾಮಿಸರಿ ನೋಟಿಗೂ ಕಾಲಮಿತಿಯ ಲೆಕ್ಕ ಗ್ರೆಗೋರಿಯನ್ ಕ್ಯಾಲೆಂಡರಿನದೇ. 1908ರ ಕಾಲಮಿತಿ ಕಾಯ್ದೆ ಅದನ್ನು ಉದಾಹರಣೆ ಕೊಟ್ಟೇ ಹೇಳಿತ್ತು.

ಪ್ರಶ್ನೆ: ಉಯಿಲಿನ ಮೂರನೇ ಕಲಮಿನಲ್ಲಿ ಮನೆ ಅಣ್ಣನಿಗೆ, ಏಳನೇ ಕಲಮಿನಲ್ಲಿ ಅದೇ ಮನೆ ನನಗೆ ಎಂದಿದೆ. — ಮಂಡ್ಯ

ಎರಡನ್ನೂ ಹೊಂದಿಸಲು ಆಗುತ್ತದೆಯೇ ಎಂದು ಕೋರ್ಟು ಮೊದಲು ಇಡೀ ಉಯಿಲನ್ನು ಓದುತ್ತದೆ. ಒಂದು ಕೆಳಮಹಡಿ, ಇನ್ನೊಂದು ಮೇಲ್ಮಹಡಿ ಎಂಬ ಸುಳಿವು ಬೇರೆ ಕಲಮಿನಲ್ಲಿ ಸಿಗಬಹುದು. ಆಗದಿದ್ದರೆ ಭಾರತೀಯ ಉತ್ತರಾಧಿಕಾರ ಕಾಯ್ದೆಯ 88ನೇ ಪ್ರಕರಣದಂತೆ ಕೊನೆಯ ಕಲಮು ನಿಲ್ಲುತ್ತದೆ, ಅಂದರೆ ನಿಮ್ಮದು. ಇದೇ ಗೊಂದಲ ಕ್ರಯಪತ್ರದಲ್ಲಿದ್ದಿದ್ದರೆ ಮೊದಲ ಕಲಮು ನಿಲ್ಲುತ್ತಿತ್ತು: ಒಮ್ಮೆ ಕೊಟ್ಟಾದ ಮೇಲೆ ಮತ್ತೆ ಕೊಡಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಉಯಿಲು ಬರೆದವರ ಕೈಯಲ್ಲಿ ಸಾಯುವತನಕ ಎಲ್ಲವೂ ಇರುತ್ತದೆ.